ಸಂಶಿಯ ಎರೆ ಹೊಲಕ್ಕೊಂದು ಮಣ್ಣಿನ ಲೆಕ್ಕ

ಕುಂದಗೋಳ ತಾಲ್ಲೂಕಿನ ಸಂಶಿಯ ಎರೆ ಹೊಲಗಳು ನೋಡಲು ಸಮತಟ್ಟು. ಹಿಂಗಾರಿಗೆಂದು ಬರಿದಾಗಿ ಬಿಟ್ಟ ಹೊಲಕ್ಕೆ ಮುಂಗಾರಿನ ಜೋರು ಮಳೆ ಬಿದ್ದರೆ ಮಾತ್ರ ಹಳ್ಳಕ್ಕಿಳಿಯುವ ನೀರು ಮಣ್ಣನ್ನೂ ಹೊತ್ತೊಯ್ಯುತ್ತದೆ.

ಎಕರೆಯಲ್ಲಿ 1 ಮಿಲಿಮೀಟರ್ ಪದರ ಹೋದರೆ ಸುಮಾರು 5 ಟನ್ ಮಣ್ಣು ಹೋದಂತೆ. 1983ರ ಅಂದಾಜಿನಲ್ಲಿ ದೇಶದ ಸರಾಸರಿಯೇ ವರ್ಷಕ್ಕೆ ಹೆಕ್ಟೇರಿಗೆ 16 ಟನ್ನಿಗೂ ಮೇಲು.

ಅಳೆಯಲು ಇಳಿಜಾರಿನುದ್ದಕ್ಕೂ ಕಬ್ಬಿಣದ ಸರಳು ನೆಟ್ಟು, ನೆಲದ ಮೇಲೆ ಕಾಣುವ ಉದ್ದವನ್ನು ಬರೆದಿಡುವುದು ರೂಢಿ. ಎರೆ ಮಣ್ಣಿನಲ್ಲಿ ಇದಕ್ಕೊಂದು ತೊಡಕಿದೆ: ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಅಳತೆಯನ್ನು ಮುಂದಿನ ಬೇಸಿಗೆಯದರೊಂದಿಗೇ ಹೋಲಿಸಬೇಕು. ಇಲ್ಲದಿದ್ದರೆ ಸರಳು ಸುಳ್ಳು ಹೇಳುತ್ತದೆ. ಹರಗುವಾಗ ಕುಂಟೆಗೆ ಸಿಕ್ಕಿ ಅದು ಕಿತ್ತುಬರುವುದೂ ಉಂಟು. ಅದಕ್ಕಿಂತ ಒಡ್ಡಿನ ಕೋಡಿಯ ಬಳಿ ಗುಂಡಿ ತೋಡಿ, ಕೂತ ಹೂಳನ್ನು ಬುಟ್ಟಿಗಳಲ್ಲಿ ಎಣಿಸುವುದು ವಾಸಿ. ಸಣ್ಣ ಜೇಡಿ ತೇಲಿಹೋಗುವುದರಿಂದ ನಿಜ ನಷ್ಟ ಇನ್ನೂ ಹೆಚ್ಚೇ.

ಇನ್ನು ರೂಪಾಯಿ ಲೆಕ್ಕ. ಮಣ್ಣಿನಲ್ಲಿ ಸಾರಜನಕ ಶೇ 0.05ರಷ್ಟಿದ್ದರೆ, 5 ಟನ್ನಿನ ಜೊತೆ ಹೋಗುವುದು ಐದೂವರೆ ಕಿಲೋ ಯೂರಿಯಾದಷ್ಟು. ಸಹಾಯಧನದ ದರದಲ್ಲಿ ಇದು ಚಿಲ್ಲರೆ ಕಾಸು. ದುಬಾರಿಯಾದದ್ದು ತೇವ ಹಿಡಿಯುವ ಆಳ; ಕಡಲೆ, ಬಿಳಿಜೋಳ ಬದುಕುವುದೇ ಅದರ ಮೇಲೆ. ಸುಗ್ಗಿಯಲ್ಲಿ ಹೊಲದ ಮೇಲ್ತುದಿಯ ಮತ್ತು ಕೆಳತುದಿಯ ಇಳುವರಿಯನ್ನು ಬೇರೆಬೇರೆ ತೂಗಿ, ವ್ಯತ್ಯಾಸಕ್ಕೆ ಮಾರುಕಟ್ಟೆ ದರ ಕಟ್ಟಿದರೆ ಒಡ್ಡು ರಿಪೇರಿಗೆ ಎಷ್ಟು ಖರ್ಚು ಮಾಡಬಹುದೆಂದು ತಿಳಿಯುತ್ತದೆ.