ಇಂದ್ರಗೋಪ: ಬೇಸಗೆಯ ಕೊನೆಯಲ್ಲಿ ಕಲಿತ ಒಂದು ಪಾಠ

ಬೇಸಗೆಯ ಬಿಡುವು ಮುಗಿಯುತ್ತ ಬಂದಾಗ ಬಂಧುಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದುಬರುವುದು ನಮ್ಮ ನಾಡಿನ ಹಳೆಯ ರೂಢಿ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮಕ್ಕಳು ಸೋದರಮಾವನ ಮನೆಯಲ್ಲಿ ಮಾವಿನಹಣ್ಣು ಮುಗಿಯುವವರೆಗೆ ಬೀಡುಬಿಡುತ್ತಾರೆ. ಅಧ್ಯಾಪಕನಾದವನಿಗೆ ಇದು ವಿಶ್ರಾಂತಿಯ ಕಾಲ. ಆದರೆ ಅಂತಹ ಒಂದು ಭೇಟಿಯೇ ನನಗೆ ಪಾಠವಾಗಿ ಪರಿಣಮಿಸಿತು. ಆ ಪಾಠದಲ್ಲಿ ಗುರುವಾದವಳು ಎಂಟು ವರ್ಷದ ಬಾಲಿಕೆ. ಶಿಷ್ಯನಾದವನು ಮೂವತ್ತು ವರ್ಷ ಕಾವ್ಯಪಾಠ ಹೇಳಿದ ನಾನು.

ನನ್ನ ಅಕ್ಕನನ್ನು ಕೊಟ್ಟ ಊರು ಸಾಣಾಪುರ. ಅದು ಗಂಗಾವತಿ ತಾಲ್ಲೂಕಿನಲ್ಲಿ, ಆನೆಗುಂದಿಗೆ ಸಮೀಪದಲ್ಲಿ, ತುಂಗಭದ್ರೆಯ ಎಡದಂಡೆಯ ಕಡೆ ಇದೆ. ಎತ್ತ ನೋಡಿದರೂ ಬಂಡೆಯ ಮೇಲೆ ಬಂಡೆ, ನಡುವೆ ಭತ್ತದ ಗದ್ದೆ, ಹೊಳೆಯಾಚೆ ಹಂಪೆ. ಈ ಪ್ರದೇಶವೇ ರಾಮಾಯಣದ ಕಿಷ್ಕಿಂಧೆಯೆಂದೂ ಈ ಬಂಡೆಗಳು ವಾನರವೀರರು ಎಸೆದಾಡಿದವೆಂದೂ ಜನರ ನಂಬುಗೆ. ಭೂವಿಜ್ಞಾನಿಗಳು ಹೇಳುವಂತೆ ಈ ಕಲ್ಲು ನೆಲದಾಳದಲ್ಲಿ ಹುಟ್ಟಿ ಸುಮಾರು 250 ಕೋಟಿ ವರ್ಷಗಳಾದವು. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಮಣ್ಣು ಕೊಚ್ಚಿಹೋಗಿ ಗುಂಡುಗಳು ಮೇಲೆ ಉಳಿದವು. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ರಕ್ಷಣೆಗಾಗಿ ಸರಕಾರ ಮೀಸಲಿರಿಸಿತು. ಇವನ್ನೆಲ್ಲ ನೋಡಲು ಜನ ದೂರದೂರದಿಂದ ಬರುತ್ತಾರೆ. ದೊಡ್ಡದಕ್ಕೆ ನೋಡುಗರ ಕೊರತೆಯಿಲ್ಲ. ಕಾಲಬುಡದಲ್ಲಿರುವ ಸಣ್ಣದರ ಮಾತು ಬೇರೆ.

ಅಕ್ಕನ ಮನೆಯ ಕಟ್ಟೆಯ ಕೆಳಗೆ, ಮಳೆ ತಾಗದ ನುಣುಪು ಧೂಳಿನಲ್ಲಿ, ಬೆರಳಿನಿಂದ ಒತ್ತಿದಂತಹ ಚಿಕ್ಕ ಚಿಕ್ಕ ಗುಣಿಗಳಿದ್ದವು. ಅಕ್ಕನ ಮೊಮ್ಮಗಳು ನನ್ನನ್ನು ಕರೆದು ಕೂರಿಸಿ, ಒಂದು ಇರುವೆಯನ್ನು ಗುಣಿಯ ಅಂಚಿಗೆ ಬಿಟ್ಟಳು. ಇರುವೆ ಏರಲು ಯತ್ನಿಸಿದಷ್ಟೂ ಧೂಳು ಜಾರಿತು. ತಳದಲ್ಲಿ ಹುದುಗಿದ್ದ ಹುಳು ತಲೆಯಿಂದ ಮಣ್ಣನ್ನು ಚಿಮ್ಮಿ ಇರುವೆಯನ್ನು ಕೆಡವಿ, ಕುಡಿಕೊಂಬುಗಳಲ್ಲಿ ಹಿಡಿದು ಒಳಗೆಳೆಯಿತು. ಧೂಳು ಎಷ್ಟು ಇಳಿಜಾರಾಗಿ ನಿಲ್ಲಬಲ್ಲುದೋ ಅಷ್ಟಕ್ಕೇ ಅದು ಗುಣಿಯನ್ನು ತೋಡಿರುತ್ತದೆ. ಆದುದರಿಂದ ಒಂದು ಇರುವೆಯ ಭಾರಕ್ಕೂ ಅಂಚು ಕುಸಿಯುತ್ತದೆ. ಈ ಹುಳುವೇ ಮುಂದೆ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ರೆಕ್ಕೆಯ ಕೀಟವಾಗುತ್ತದೆ. ಐವತ್ತು ಬೇಸಗೆ ಕಳೆದ ನಾನು ಅಂತಹ ಗುಣಿಗಳನ್ನು ತುಳಿದು ನಡೆದಿದ್ದೆನೇ ಹೊರತು ಬಾಗಿ ನೋಡಿದವನಲ್ಲ.

ಅಂದು ರಾತ್ರಿ ರೋಹಿಣಿ ಮಳೆ ಭರದಿಂದ ಸುರಿಯಿತು. ಮರುದಿನ ಬೆಳಿಗ್ಗೆ ಹೊಲದ ಕಡೆಯಿಂದ ಓಡಿಬಂದ ಆ ಹುಡುಗಿ ಮುಚ್ಚಿದ ಅಂಗೈಯನ್ನು ನನ್ನ ಮುಂದೆ ತೆರೆದಳು.

“ಅಜ್ಜಾ, ಮಿರಗದ ಹುಳ ನೋಡ್ರಿ. ಮುಟ್ಟಿ ನೋಡ್ರಿ, ಮಕಮಲ್ ಇದ್ದಂಗೈತಿ.”

ಅವಳ ಅಜ್ಜಿ ಒಳಗಿನಿಂದಲೇ, “ಮಿರಗ ಇನ್ನೂ ಕೂಡಿಲ್ಲ, ಆಗಲೇ ಬಂತೇನ?” ಎಂದಳು.

ಅಂಗೈಯಲ್ಲಿದ್ದುದು ಕುಂಕುಮದ ಉಂಡೆಯಂತಹ ಪುಟ್ಟ ಜೀವಿ. ಮೈಯೆಲ್ಲ ಕಡುಗೆಂಪು ಮಕಮಲ್ಲು. ಮುಟ್ಟಿದೊಡನೆ ಕಾಲುಗಳನ್ನು ಮಡಚಿಕೊಂಡು ಅಲುಗದೆ ಕುಳಿತಿತು. “ಇದರ ಹೆಸರು ನಿಮ್ಮ ಪುಸ್ತಕದಾಗ ಏನೈತ್ರಿ?” ಎಂದು ಅವಳು ಕೇಳಿದಳು. ಉತ್ತರ ಹೇಳಹೊರಟವನು ನಾನು ತಡೆದೆ. ನನ್ನ ನಾಲಗೆಗೆ ಬಂದ ಶಬ್ದ ‘ಇಂದ್ರಗೋಪ’. ನಾನು ಮೂವತ್ತು ವರ್ಷ ತರಗತಿಯಲ್ಲಿ ಆ ಶಬ್ದಕ್ಕೆ ಹೇಳುತ್ತ ಬಂದ ಅರ್ಥ ‘ಮಿಂಚುಹುಳು’.

ಹಳಗನ್ನಡ ಕಾವ್ಯಗಳ ಮಳೆಗಾಲದ ವರ್ಣನೆಗಳಲ್ಲಿ ಈ ಶಬ್ದ ಬರುವುದನ್ನು ಬಲ್ಲವರು ಬಲ್ಲರು. ಪಾಠಶಾಲೆಯಲ್ಲಿ ಕಲಿಯುವಾಗ ಬರೆದುಕೊಂಡ ಟಿಪ್ಪಣಿಯನ್ನು ನಾನು ಶಂಕಿಸಿರಲಿಲ್ಲ. ಊರಿಗೆ ಮರಳಿದೊಡನೆ ಗ್ರಂಥಗಳನ್ನು ತೆಗೆದು ನೋಡಿದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ವರ್ಷಾವರ್ಣನೆಯಲ್ಲಿ ಮಾಲ್ಯವಂತದಲ್ಲಿ ತಂಗಿದ ರಾಮನು ಲಕ್ಷ್ಮಣನಿಗೆ ಮಳೆಗಾಲವನ್ನು ತೋರಿಸುತ್ತಾನೆ. ಎಳೆಯ ಇಂದ್ರಗೋಪಗಳಿಂದ ಚಿತ್ರಿತವಾದ ಹೊಸ ಹುಲ್ಲಿನ ನೆಲವು, ಅರಗಿನ ಚುಕ್ಕೆಗಳಿರುವ ಗಿಳಿಹಸುರು ಕಂಬಳಿಯನ್ನು ಹೊದ್ದ ಹೆಣ್ಣಿನಂತೆ ಶೋಭಿಸುತ್ತದೆಂಬುದು ಅಲ್ಲಿಯ ಉಪಮೆ. ಕಾಳಿದಾಸನ ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕದಲ್ಲಿ ವಿರಹಿಯಾದ ಪುರೂರವನು, ತುಟಿಯ ಕೆಂಪು ಬೆರೆತ ಕಣ್ಣೀರ ಹನಿಗಳು ಬಿದ್ದ ಊರ್ವಶಿಯ ಹಸುರು ಸ್ತನವಸ್ತ್ರವೆಂದು ಭ್ರಮಿಸಿ ಬಳಿಸಾರಿ, ಅದು ಇಂದ್ರಗೋಪಗಳಿರುವ ಎಳೆಹುಲ್ಲೆಂದು ತಿಳಿಯುತ್ತಾನೆ. ಎರಡೂ ಕಡೆ ಹಸುರಿನ ಮೇಲೆ ಕೆಂಪು ಚುಕ್ಕೆ. ಎರಡೂ ಹಗಲಿನ ನೋಟ. ಇರುಳಲ್ಲಿ ಹಾರುವ ಮಿಂಚುಹುಳುವಿಗೆ ಇಲ್ಲಿ ಎಡೆಯೆಲ್ಲಿ? ಅದಕ್ಕೆ ‘ಖದ್ಯೋತ’ವೆಂಬ ಬೇರೆ ಹೆಸರೇ ಇದೆ. ಈ ಸಂದರ್ಭಗಳನ್ನು ನಾನು ಎಷ್ಟೋ ಸಲ ಓದಿದ್ದೆ, ಉಪಮಾಲಂಕಾರವನ್ನು ಬಿಡಿಸಿ ವಿವರಿಸಿದ್ದೆ. ವಸ್ತುವನ್ನು ಮಾತ್ರ ಕಂಡಿರಲಿಲ್ಲ. ಕಿಷ್ಕಿಂಧೆಯ ಶ್ಲೋಕಕ್ಕೆ ಕಿಷ್ಕಿಂಧೆಯ ನೆಲದಲ್ಲೇ ಒಂದು ಮಗು ವ್ಯಾಖ್ಯಾನ ಬರೆಯಿತು.

ಇನ್ನು ಈ ಜೀವಿಯ ವಿಚಾರ. ಅದಕ್ಕೆ ಎಂಟು ಕಾಲುಗಳು. ಆದುದರಿಂದ ಅದು ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗ. ವರ್ಷದ ಬಹುಭಾಗ ಮಣ್ಣಿನೊಳಗೆ ಅಡಗಿದ್ದು, ಮೊದಲ ಹದಮಳೆಯ ಬಳಿಕ ಕೆಲವೇ ದಿನ ಮೇಲೆ ಕಾಣಿಸಿಕೊಳ್ಳುತ್ತದೆ. ಮರಿಗಳು ಮಿಡತೆ ಮೊದಲಾದವುಗಳ ಮೈಗೆ ಅಂಟಿ ಬೆಳೆಯುತ್ತವೆ. ಬಲಿತವು ಗೆದ್ದಲನ್ನೂ ಕೀಟಗಳ ಮೊಟ್ಟೆಗಳನ್ನೂ ತಿನ್ನುತ್ತವೆ. ಒಕ್ಕಲಿಗನಿಗೆ ಇದು ಮಿತ್ರನೇ. ಮೈಯ ಕೆಂಪು, ತಿನ್ನಬಂದ ಹಕ್ಕಿಗೆ ‘ನಾನು ರುಚಿಯಲ್ಲ’ ಎಂದು ಸಾರುವ ಎಚ್ಚರಿಕೆ. ಇಂದ್ರನೇ ರಕ್ಷಕನಾಗಿ ಉಳ್ಳದ್ದು ಇಂದ್ರಗೋಪ. ಇಂದ್ರನೆಂದರೆ ಮಳೆಯ ಒಡೆಯ. ಮಿರಗದ ಹುಳುವೆಂದರೆ ಮೃಗಶಿರಾ ಮಳೆಯ ಹುಳು. ಸಂಸ್ಕೃತದ ಕವಿಯೂ ನಮ್ಮ ಒಕ್ಕಲಿಗನೂ ಮಳೆಯನ್ನು ಹಿಡಿದೇ ಹೆಸರಿಟ್ಟರು. ಇಬ್ಬರೂ ಕಂಡು ಹೆಸರಿಟ್ಟವರು. ನಾನು ಕಾಣದೆ ಅರ್ಥ ಹೇಳಿದವನು.

ಶಾಲೆ ತೆರೆದ ಮೊದಲ ದಿನವೇ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿ ತಿದ್ದಿಸಿದೆ. ಆದರೆ ನನ್ನಲ್ಲಿ ಓದಿ ಹೋದವರು ನೂರಾರು ಜನ. ಅವರಲ್ಲಿ ಅನೇಕರು ಇಂದು ತಾವೇ ಅಧ್ಯಾಪಕರು. ಅವರಿಗೆಲ್ಲ ಈ ಸಂಚಿಕೆ ತಲುಪುವುದೆಂಬ ನೆಚ್ಚಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಹಳೆಯ ಟಿಪ್ಪಣಿಗಳಲ್ಲಿ ‘ಇಂದ್ರಗೋಪ: ಮಿಂಚುಹುಳು’ ಎಂದಿದ್ದರೆ ದಯಮಾಡಿ ಹೊಡೆದುಹಾಕಿ, ‘ಮಿರಗದ ಹುಳು’ ಎಂದು ಬರೆದುಕೊಳ್ಳಿರಿ. ತಪ್ಪು ನಿಮ್ಮದಲ್ಲ, ನನ್ನದು.

ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಬಿಡುವು ಮುಗಿದು ಬಂದ ಮಕ್ಕಳಿಗೆ ಮೊದಲ ದಿನವೇ ಪುಸ್ತಕವನ್ನು ತೆರೆಸಬೇಡಿ. ‘ಬಂಧುಗಳ ಊರಲ್ಲಿ ನೀನು ಕಂಡುದೇನು? ಅಲ್ಲಿಯ ಜನ ಅದನ್ನು ಏನೆನ್ನುತ್ತಾರೆ?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಒಂದು ವಹಿಯಲ್ಲಿ ಬರೆಯಿಸಿರಿ. ಹತ್ತು ವರ್ಷದಲ್ಲಿ ಅದು ನಮ್ಮ ಸೀಮೆಯ ಒಂದು ಚಿಕ್ಕ ನಿಘಂಟೇ ಆದೀತು.

ದಾನಿಗಳಾದ ಮಹನೀಯರಲ್ಲಿಯೂ ಒಂದು ಮಾತು. ತಾವು ಕಟ್ಟಡ ಕಟ್ಟಿಸಿದಿರಿ, ಗ್ರಂಥಗಳನ್ನು ಕೊಟ್ಟಿರಿ. ಅದರ ಋಣ ದೊಡ್ಡದು. ಶಾಲೆಯ ಅಂಗಳಕ್ಕೆಲ್ಲ ಫರಸಿ ಹಾಸುವ ಮಾತು ಬಂದಾಗ, ಹಿತ್ತಲಿನ ತುಂಡು ನೆಲವನ್ನಾದರೂ ಹಾಗೆಯೇ ಬಿಡಿಸಿರಿ. ಮುನ್ ಎಂಬುದಕ್ಕೆ ಕಾರ್ ಸೇರಿದರೆ ಮುಂಗಾರ್ ಎಂಬ ಆದೇಶಸಂಧಿಯನ್ನು ಹಲಗೆಯ ಮೇಲೆ ಕಲಿಸಬಹುದು. ಮುಂಗಾರಿನ ಮೊದಲ ಹುಲ್ಲಿನ ಮೇಲೆ ನಡೆಯುವ ಕೆಂಪು ಚುಕ್ಕೆಯನ್ನು ತೋರಿಸಲು ಮಣ್ಣೇ ಬೇಕು.