ತಾರೀಖನ್ನು ಬರೆಯುವ ಕ್ರಮ

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ಅಮೆರಿಕದ ವಿಶ್ವವಿದ್ಯಾನಿಲಯವೊಂದಕ್ಕೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಲು ಹೊರಟನು. ಅರ್ಜಿ ತಲಪಬೇಕಾದ ಕಡೆಯ ದಿನ 05/06 ಎಂದು ಪ್ರಕಟಣೆಯಲ್ಲಿತ್ತು. ಜೂನ್ 5ರವರೆಗೆ ಅವಕಾಶವಿದೆಯೆಂದು ಅವನು ನಿಶ್ಚಿಂತನಾಗಿದ್ದನು. ಬರೆದವರ ಲೆಕ್ಕದಲ್ಲಿ ಅದು ಮೇ 6. ಮೇ ತಿಂಗಳ ಕೊನೆಯಲ್ಲಿ ಅವನು ಅರ್ಜಿಯನ್ನು ಕಳುಹಿಸುವ ವೇಳೆಗೆ ಗಡುವು ಮುಗಿದು ಮೂರು ವಾರಗಳಾಗಿದ್ದುವು. ಹುಡುಗನಿಗೆ ಒಂದು ವರ್ಷವೇ ನಷ್ಟವಾಯಿತು. ಬರೆದವರು ತಮ್ಮ ರೂಢಿಯಂತೆ ಸರಿಯಾಗಿಯೇ ಬರೆದಿದ್ದರು. ಓದಿದವನು ತನ್ನ ರೂಢಿಯಂತೆ ಸರಿಯಾಗಿಯೇ ಓದಿದ್ದನು. ಹೀಗಿದ್ದೂ ತಪ್ಪು ಎಲ್ಲಿಂದ ಬಂದಿತು? ಇದನ್ನು ಇಲ್ಲಿ ವಿಚಾರಿಸೋಣ.

ಮೂರು ರೂಢಿಗಳು

ತಾರೀಖಿಗೆ ದಿನ, ತಿಂಗಳು, ವರ್ಷ ಎಂದು ಮೂರು ಅಂಗಗಳು. ಮೂರು ಅಂಗಗಳನ್ನು ಆರು ಬಗೆಯಾಗಿ ಜೋಡಿಸಬಹುದಾದರೂ ಪ್ರಪಂಚದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುವು ಮೂರೇ. ಭಾರತ, ಬ್ರಿಟನ್ ಮತ್ತು ಯೂರೋಪಿನ ಬಹುಭಾಗದಲ್ಲಿ ದಿನ ಮೊದಲು, ತಿಂಗಳು ಆಮೇಲೆ, ವರ್ಷ ಕೊನೆಗೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಿಂಗಳು, ದಿನ, ವರ್ಷ. ಚೀನ, ಜಪಾನ್, ಕೊರಿಯ, ಹಂಗೆರಿ ದೇಶಗಳಲ್ಲಿ ವರ್ಷ, ತಿಂಗಳು, ದಿನ. ಆದಕಾರಣ 03-04-05 ಎಂಬ ಬರಹವನ್ನು ಬೆಂಗಳೂರಿನವರು 2005ರ ಏಪ್ರಿಲ್ 3 ಎಂದೂ, ನ್ಯೂಯಾರ್ಕಿನವರು 2005ರ ಮಾರ್ಚ್ 4 ಎಂದೂ, ಟೋಕಿಯೋದವರು 2003ರ ಏಪ್ರಿಲ್ 5 ಎಂದೂ ಓದಬಹುದು.

ನಮ್ಮ ಪತ್ರಿಕೆಗಳಲ್ಲೇ ಈ ಬೆರಕೆಯುಂಟು. 2001ರ ಸೆಪ್ಟೆಂಬರ್ 11ರ ದುರಂತವನ್ನು ಅಮೆರಿಕನ್ನರಂತೆ 9/11 ಎನ್ನುತ್ತೇವೆ. 2008ರ ನವೆಂಬರ್ 26ರ ಮುಂಬಯಿ ದಾಳಿಯನ್ನು ನಮ್ಮ ರೂಢಿಯಂತೆ 26/11 ಎನ್ನುತ್ತೇವೆ. ಗಣಿತಪ್ರಿಯರಿಗೂ ಇದರ ಅನುಭವವಿದೆ. ಪೈ ಸಂಖ್ಯೆಯ ದಿನವನ್ನು ಮಾರ್ಚ್ 14ರಂದು ಆಚರಿಸುವುದು 3/14 ಎಂದು ಬರೆಯುವವರಿಗೆ ಮಾತ್ರ ಸಹಜ. ನಮ್ಮ ರೂಢಿಯವರು ಜುಲೈ 22ನ್ನು 22/7 ಎಂದು ಬರೆದು ಸಂತೋಷಪಡಬಹುದು.

ಎಷ್ಟು ದಿನಗಳು ಸಂದಿಗ್ಧ?

ಒಂದು ಸಣ್ಣ ಲೆಕ್ಕ ಮಾಡೋಣ. 25/06 ಎಂದಿದ್ದರೆ ಗೊಂದಲವಿಲ್ಲ; ಇಪ್ಪತ್ತೈದನೆಯ ತಿಂಗಳೆಂಬುದೇ ಇಲ್ಲ. ದಿನದ ಅಂಕಿ 12ನ್ನು ಮೀರದಿದ್ದಾಗ ಮಾತ್ರ ಸಂದೇಹ. ಅಂತಹ ದಿನಗಳು 12 × 12 = 144. ಇವುಗಳಲ್ಲಿ 1/1, 2/2 ಮೊದಲಾದ 12 ದಿನಗಳನ್ನು ಹೇಗೆ ಓದಿದರೂ ಒಂದೇ. ಅವುಗಳನ್ನು ಕಳೆದರೆ ಉಳಿಯುವುವು 132. ಎಂದರೆ ವರ್ಷದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ದಿನಗಳು ಸಂದಿಗ್ಧ.

ಅಪಾಯವಿರುವುದು ಈ ತಪ್ಪು ಕಣ್ಣಿಗೆ ಬೀಳದೆ ಉಳಿಯುವುದರಲ್ಲಿ. ಅಮೆರಿಕದ ರೂಢಿಗೆ ಹೊಂದಿಸಿದ ಗಣಕಯಂತ್ರದ ಕೋಷ್ಟಕದಲ್ಲಿ ನಾವು 25/06/2024 ಎಂದು ತುಂಬಿದರೆ ಯಂತ್ರವು ಅದನ್ನು ತಾರೀಖೆಂದು ಒಪ್ಪದೆ ಬರಿಯ ಅಕ್ಷರಗಳಾಗಿ ಬಿಡುತ್ತದೆ. 05/06/2024 ಎಂದು ತುಂಬಿದರೆ ಸದ್ದಿಲ್ಲದೆ ಮೇ 6 ಎಂದು ಸ್ವೀಕರಿಸುತ್ತದೆ.

ಭೌತಶಾಸ್ತ್ರದ ಪಾಠ

ಏಕಮಾನವಿಲ್ಲದ ಸಂಖ್ಯೆಗೆ ಅರ್ಥವಿಲ್ಲವೆಂದು ನಾವು ತರಗತಿಯಲ್ಲಿ ಮತ್ತೆಮತ್ತೆ ಹೇಳುವುದುಂಟು. 1999ರ ಸೆಪ್ಟೆಂಬರ್ 23ರಂದು ಮಂಗಳಗ್ರಹವನ್ನು ಸಮೀಪಿಸಿದ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದುದಕ್ಕೆ ಕಾರಣ ಇಂತಹುದೇ. ಒಂದು ಗಣಕಕಾರ್ಯಕ್ರಮವು ನೂಕುಬಲದ ಲೆಕ್ಕವನ್ನು ಪೌಂಡು-ಸೆಕೆಂಡುಗಳಲ್ಲಿ ಕೊಟ್ಟಿತು. ಅದನ್ನು ನ್ಯೂಟನ್-ಸೆಕೆಂಡುಗಳೆಂದು ಎಣಿಸಲಾಯಿತು. ಇವೆರಡಕ್ಕೂ ಸುಮಾರು 4.45ರಷ್ಟು ವ್ಯತ್ಯಾಸವಿದೆ. 05/06 ಎಂಬುದೂ ಏಕಮಾನ ಮರೆತ ಸಂಖ್ಯೆಯೇ. ಯಾವುದು ದಿನ, ಯಾವುದು ತಿಂಗಳು ಎಂಬುದನ್ನು ಅದು ಹೇಳುವುದಿಲ್ಲ.

ಅಂತರರಾಷ್ಟ್ರೀಯ ಮಾನಕ

ಈ ತೊಡಕನ್ನು ಬಿಡಿಸಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1988ರಲ್ಲಿ 8601ನೆಯ ಮಾನಕವನ್ನು ಪ್ರಕಟಿಸಿತು. ಇದರಂತೆ ವರ್ಷಕ್ಕೆ ನಾಲ್ಕು ಅಂಕಿ, ತಿಂಗಳಿಗೆ ಎರಡು, ದಿನಕ್ಕೆ ಎರಡು: 2024-05-06 ಎಂದರೆ ಮೇ 6. ದೊಡ್ಡದು ಮೊದಲು, ಚಿಕ್ಕದು ಕೊನೆಗೆ ಎಂಬುದೇ ಇದರ ತತ್ತ್ವ. ಸಂಖ್ಯೆಗಳಲ್ಲಿ ನೂರು, ಹತ್ತು, ಬಿಡಿ ಎಂದೂ, ಗಡಿಯಾರದಲ್ಲಿ ಗಂಟೆ, ನಿಮಿಷ, ಸೆಕೆಂಡು ಎಂದೂ ಬರೆಯುವುದು ಇದೇ ಕ್ರಮದಲ್ಲಿಯಷ್ಟೆ. ಇದರಿಂದ ಮತ್ತೊಂದು ಲಾಭವುಂಟು. ಕಡತಗಳ ಹೆಸರುಗಳನ್ನು ಗಣಕವು ಅಕ್ಷರಕ್ರಮದಲ್ಲಿ ಜೋಡಿಸಿದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲಾಗಿದ್ದರೆ 01-12-2024 ಎಂಬುದು 02-01-2024ಕ್ಕಿಂತ ಮುಂಚೆ ಬಂದುಬಿಡುತ್ತದೆ.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಅನೇಕ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಕೊನೆಗೆ ವಾರವನ್ನೂ ಹೇಳಿರುತ್ತಾರೆ. ಮಾಸಕ್ಕೆ ಅಂಕಿಯಿಲ್ಲ, ಹೆಸರುಂಟು. ವಾರವು ತಾಳೆ ನೋಡಲು ಸಾಧನ. 2024ರಲ್ಲಿ ಮೇ 6 ಸೋಮವಾರ, ಜೂನ್ 5 ಬುಧವಾರ. ಪ್ರಕಟಣೆಯಲ್ಲಿ ವಾರದ ಹೆಸರೊಂದಿದ್ದರೆ ಇಂತಹ ಸಂದೇಹ ಅಲ್ಲಿಯೇ ಬಗೆಹರಿಯುತ್ತದೆ.

ದಿನವೂ ಸ್ಥಳವನ್ನು ಅವಲಂಬಿಸಿದೆ

ಬೆಂಗಳೂರಿನಲ್ಲಿ 2024-07-01ರ ಬೆಳಗ್ಗೆ 5 ಗಂಟೆಯಾಗಿದ್ದಾಗ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ಸಂಜೆ 7:30. ಭಾರತದ ಕಾಲವು ವಿಶ್ವಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಗಂಟೆಯ ಪಕ್ಕದಲ್ಲಿ +05:30 ಎಂದು ಸೇರಿಸುವುದಕ್ಕೂ ಇದೇ ಮಾನಕದಲ್ಲಿ ಅವಕಾಶವಿದೆ. ಗಡುವನ್ನು ಓದುವಾಗ ಯಾವ ಊರಿನ ಗಡಿಯಾರ ಎಂಬುದನ್ನೂ ವಿಚಾರಿಸತಕ್ಕದ್ದು.

ನಾವು ಮಾಡಬೇಕಾದುದು ಇಷ್ಟೆ. ಪತ್ರದಲ್ಲಿ ತಿಂಗಳನ್ನು ಅಕ್ಷರಗಳಲ್ಲಿ ಬರೆಯೋಣ. ಕೋಷ್ಟಕದಲ್ಲಿಯೂ ಕಡತದಲ್ಲಿಯೂ ವರ್ಷವನ್ನು ಮೊದಲಿಡೋಣ. ಸಂದೇಹ ಬಂದಲ್ಲಿ ನಾಚದೆ ಕೇಳೋಣ.

ಅಭ್ಯಾಸಕ್ಕೆ ಒಂದು ಪ್ರಶ್ನೆ: ವಾರದ ಹೆಸರೂ ಎಲ್ಲ ಸಲವೂ ನಮ್ಮನ್ನು ಕಾಪಾಡಲಾರದು. ಮೇ 9 ಮತ್ತು ಸೆಪ್ಟೆಂಬರ್ 5 ಯಾವ ವರ್ಷದಲ್ಲಿಯೂ ಒಂದೇ ವಾರದಂದು ಬರುತ್ತವೆ. ಜುಲೈ 11 ಮತ್ತು ನವೆಂಬರ್ 7 ಕೂಡ ಹಾಗೆಯೇ. ನಡುವಣ ದಿನಗಳನ್ನು ಎಣಿಸಿ, ಕಾರಣವನ್ನು ವಾಚಕರೇ ಕಂಡುಕೊಳ್ಳಲಿ.