ರಿವರ್ಸ್ ಲೈಟು ದೊಡ್ಡದಾದರೆ ಸಾಲದು, ಅರ್ತ್ ಗಟ್ಟಿಯಿರಬೇಕು

ಶೇಂಗಾ ಬಡಿಯುವ, ಉಳ್ಳಾಗಡ್ಡಿ ಚೀಲ ತುಂಬುವ ದಿನಗಳಲ್ಲಿ ನಮ್ಮ ಗದಗ ಸೀಮೆಯ ಬೊಲೆರೊ, ಪಿಕಪ್‌ಗಳಿಗೆ ಹಗಲು ಸಾಲುವುದಿಲ್ಲ. ರಾತ್ರಿ ಒಂಬತ್ತಕ್ಕೆ ಗಾಡಿಯನ್ನು ಕಣದವರೆಗೆ ಹಿಮ್ಮುಖವಾಗಿ ಒಯ್ಯಬೇಕು. ಒಂದು ಮಗ್ಗುಲಿಗೆ ಹೊಲದ ಒಡ್ಡು, ಇನ್ನೊಂದು ಮಗ್ಗುಲಿಗೆ ಕೃಷಿ ಹೊಂಡ, ನಡುವೆ ಚೀಲಕ್ಕೆ ಒರಗಿ ನಿದ್ದೆ ಹೋದ ಮಕ್ಕಳು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿಗೆ ಹೋಗುವ ಗಾಡಿಗಳ ಪಾಡೂ ಇದೇ. ಇಕ್ಕಟ್ಟಾದ ಮಣ್ಣಿನ ದಾರಿಯಲ್ಲಿ ತಿರುಗಿಸಲು ಜಾಗವಿಲ್ಲದೆ ಎಷ್ಟೋ ದೂರ ಹಿಂದಕ್ಕೇ ಬರಬೇಕಾಗುತ್ತದೆ.

ಹೆಚ್ಚಿನ ಹಳೆಯ ಗಾಡಿಗಳ ರಿವರ್ಸ್ ದೀಪದಲ್ಲಿರುವುದು 21 ವ್ಯಾಟಿನ ತಂತಿ ಬಲ್ಬು. ಹೊಸದಿದ್ದಾಗ ಅದರ ಬೆಳಕು 460 ಲ್ಯುಮೆನ್. ಮುಂದಿನ ಹ್ಯಾಲೊಜನ್ ಡಿಪ್ ಲೈಟು ಸುಮಾರು 1000 ಲ್ಯುಮೆನ್ ಕೊಡುತ್ತದೆ ಎಂದರೆ ಹಿಂದಿನ ಬಡತನ ಅರ್ಥವಾದೀತು. ಹೀಗಾಗಿ ಬಂಪರ್‌ಗೆ ಎರಡು ಎಲ್‌ಇಡಿ ಲೈಟು ಹಾಕಿಸುವುದು ತಪ್ಪಲ್ಲ, ಬೇಕಾದದ್ದೇ. ಆದರೆ ಹಾಕಿಸಿಕೊಂಡವರ ಗಾಡಿಗಳನ್ನು ನೋಡುತ್ತ ಬಂದಿದ್ದೇನೆ. ರಿವರ್ಸ್ ಗೇರ್ ಬಿದ್ದರೆ ಬ್ರೇಕ್ ಲೈಟು ಮಂದವಾಗಿ ಹೊತ್ತಿಕೊಳ್ಳುತ್ತದೆ, ಗೇರ್‌ಬಾಕ್ಸಿನ ಸ್ವಿಚ್ಚು ಸುಟ್ಟುಹೋಗುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಲೈಟು ಸತ್ತಿರುತ್ತದೆ. ಲೈಟು ಕೆಟ್ಟದ್ದಲ್ಲ, ವೈರಿಂಗ್ ಕೆಟ್ಟದ್ದು.

ಮೊದಲು ಇದ್ದ ದೀಪವನ್ನೇ ಬಿಚ್ಚಿ ನೋಡಿ. ಗಾಜಿನ ಒಳಗೆ ಕುಳಿತ ಕೆಂಧೂಳು ಒರೆಸಿ, ಹೋಲ್ಡರಿನ ತುಕ್ಕು ಕೆರೆದು, ಕಪ್ಪಾದ ಬಲ್ಬು ಬದಲಿಸಿದರೆ ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ. ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಚುಚ್ಚುವುದನ್ನು ನಾನು ಒಪ್ಪುವುದಿಲ್ಲ. ಒಳಗಿನ ರಿಫ್ಲೆಕ್ಟರ್ ಮಾಡಿದ್ದು ತಂತಿ ಬಲ್ಬಿಗೆ. ಎಲ್‌ಇಡಿಯ ಬೆಳಕು ಅದರಲ್ಲಿ ಎಲ್ಲೆಲ್ಲಿಗೋ ಚದುರಿ ಹೋಗುತ್ತದೆ, ನೆಲಕ್ಕೆ ಬೀಳುವುದಿಲ್ಲ.

ಹೊಸ ಲೈಟು ಕೊಳ್ಳುವಾಗ ನಿಜವಾಗಿ 15ರಿಂದ 20 ವ್ಯಾಟ್ ಎಳೆಯುವ ಎರಡು ಲೈಟು ಸಾಕು. ಡಬ್ಬಿಯ ಮೇಲಿನ ಸಂಖ್ಯೆ ನಂಬಬೇಡಿ, ಅಂಗಡಿಯಲ್ಲೇ ಬ್ಯಾಟರಿಗೆ ಹಚ್ಚಿ ಮೀಟರಿನಲ್ಲಿ ಆಂಪಿಯರ್ ನೋಡಿ. 12 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಎಳೆದರೆ ಅದು 18 ವ್ಯಾಟಿನ ಲೈಟು, ಡಬ್ಬಿ 72 ಎಂದು ಕೂಗಿದರೂ ಅಷ್ಟೇ. ದೂರ ಹೊಡೆಯುವ ಸ್ಪಾಟ್ ಬೇಡ, ಅಗಲಕ್ಕೆ ಹರಡುವ ಫ್ಲಡ್ ತೆಗೆದುಕೊಳ್ಳಿ. ನೀಲಿ ಛಾಯೆಯ 6500 ಕೆಲ್ವಿನ್ ಬೆಳಕು ಕಣದ ಧೂಳು, ಹೊಟ್ಟಿನೊಳಗೆ ಕಣ್ಣಿಗೆ ಚುಚ್ಚುತ್ತದೆ. 5000 ಅಥವಾ ಅದಕ್ಕಿಂತ ಕೆಳಗಿನದು ಹಿತ. ಐಪಿ 67 ಎಂದು ಬರೆದಿರಬೇಕು, ಹಿಡಿಕೆ ಸ್ಟೇನ್‌ಲೆಸ್ ಆಗಿರಬೇಕು.

ಜೊತೆಗೆ 12 ವೋಲ್ಟಿನ ನಾಲ್ಕು ಕಾಲಿನ ರಿಲೇ ಒಂದು, ನೀರು ಹೋಗದ ಫ್ಯೂಜ್ ಹೋಲ್ಡರ್ ಒಂದು, 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಥಿಂಬಲ್, ಹೀಟ್ ಶ್ರಿಂಕ್ ಟ್ಯೂಬು, ವೈರಿಗೆ ತೊಡಿಸುವ ಸ್ಲೀವು. ತೆಳು ವೈರು ಕೊಟ್ಟು ‘ಇಷ್ಟು ಲೈಟಿಗೆ ಇದು ಸಾಕು’ ಎನ್ನುವವರ ಮಾತು ಕೇಳಬೇಡಿ. ಬ್ಯಾಟರಿಯಿಂದ ಬಂಪರ್‌ವರೆಗೆ ಆರು ಮೀಟರ್ ಇದ್ದರೆ, ಮೂರು ಆಂಪಿಯರಿಗೆ 0.75ರ ವೈರಿನಲ್ಲಿ ಹೆಚ್ಚುಕಡಿಮೆ ಅರ್ಧ ವೋಲ್ಟು ಸೋರಿಹೋಗುತ್ತದೆ. 2.5ರ ವೈರಿನಲ್ಲಿ ಸೋರುವುದು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ.

ಕಾನೂನಿನ ಮಾತು ಇಷ್ಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೆಯದು ವಾಹನದ ಹಿಂದಕ್ಕೆ ಕೆಂಪಲ್ಲದ ಬೆಳಕು ಬೀರಬಾರದು ಎನ್ನುತ್ತದೆ. ಹಿಂದೆ ಸರಿಯುವಾಗಿನ ಬಿಳಿ ದೀಪ ಅದಕ್ಕೆ ಇರುವ ವಿನಾಯಿತಿಗಳಲ್ಲೊಂದು. ಹಾಗಾಗಿ ರಿವರ್ಸ್ ಗೇರಿನಲ್ಲಷ್ಟೇ ಈ ಲೈಟು ಹೊತ್ತಬೇಕು. ಕಣದ ಕೆಲಸಕ್ಕೂ ಆಗಲಿ ಎಂದು ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ಚು ಇಡಿಸುವವರಿದ್ದಾರೆ. ಕೆಲಸ ಮುಗಿದ ಮೇಲೆ ಅದನ್ನು ಮರೆತು ಗದಗ–ಲಕ್ಷ್ಮೇಶ್ವರ ರಸ್ತೆಗೆ ಹತ್ತಿದರೆ ಹಿಂದಿನ ಬೈಕಿನವನಿಗೆ ರಸ್ತೆಯೇ ಕಾಣುವುದಿಲ್ಲ. ಆ ಸ್ವಿಚ್ಚು ಬೇಡವೇ ಬೇಡ. ಕಣಕ್ಕೆ ಬ್ಯಾಟರಿ ಲೈಟು ಒಯ್ಯಿರಿ. ಲೈಟಿನ ನೆಪದಲ್ಲಿ ಹೊರಗೆ ಚಾಚುವ ಕಬ್ಬಿಣದ ಗಾರ್ಡು ಕೂಡಿಸುವುದೂ ಬೇಡ. ಕ್ರ್ಯಾಶ್ ಗಾರ್ಡು, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಇದ್ದ ಬಂಪರಿನಲ್ಲೇ ಜಾಗ ಹುಡುಕಿ.

ಆ ಜಾಗ ನಂಬರ್ ಪ್ಲೇಟಿಗೂ ಪಾರ್ಕಿಂಗ್ ಸೆನ್ಸರಿಗೂ ಅಡ್ಡ ಬರಬಾರದು, ಬೆಳಕು ರಿವರ್ಸ್ ಕ್ಯಾಮೆರಾದ ಕಣ್ಣಿಗೆ ನೇರ ಬೀಳಬಾರದು. ಪಿಕಪ್ ಆದರೆ ಹಿಂದಿನ ಬಾಗಿಲನ್ನು ಕೆಳಗೆ ಬಿಟ್ಟು ನೋಡಿ, ಜೋತುಬಿದ್ದ ಬಾಗಿಲ ಹಿಂದೆ ಲೈಟು ಮುಚ್ಚಿಹೋದರೆ ಹಾಕಿಯೂ ವ್ಯರ್ಥ. ಹಿಡಿಕೆಯನ್ನು ವೆಲ್ಡಿಂಗ್ ಮಾಡಿಸಬೇಡಿ, ತೂತು ಕೊರೆದು ನಟ್ಟು ಬೋಲ್ಟು ಹಾಕಿಸಿ. ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಹಿಡಿದರೆ ಬಿಎಸ್ 6 ಗಾಡಿಯ ಕಂಪ್ಯೂಟರಿಗೆ ಪೆಟ್ಟು ಬೀಳಬಹುದು, ಅದರ ಬೆಲೆಯ ಮುಂದೆ ಈ ಲೈಟಿನ ಖರ್ಚು ಏನೂ ಅಲ್ಲ.

ಇನ್ನು ವೈರಿಂಗ್. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಕೆಲಸ ಶುರುಮಾಡಿ. ಹಳೆಯ ರಿವರ್ಸ್ ಬಲ್ಬಿನ ವೈರಿಗೇ ಹೊಸ ಲೈಟನ್ನು ನೇರ ಕೂಡಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಆ ವೈರು, ಅದರ ಹಿಂದಿರುವ ಗೇರ್‌ಬಾಕ್ಸಿನ ಸ್ವಿಚ್ಚು, ಎರಡೂ ಮೂಲ ಬಲ್ಬಿನ ಲೆಕ್ಕಕ್ಕೆ ಮಾಡಿದವು. ರಿಲೇ ಇದ್ದರೆ ಹಳೆಯ ವೈರು ಹೊರುವುದು ರಿಲೇಯ ಸುರುಳಿಯ ಭಾರವನ್ನಷ್ಟೇ, ಅಂದರೆ ಆಂಪಿಯರಿನ ಐದನೇ ಒಂದು ಪಾಲೂ ಇಲ್ಲ. ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಬೇರೆ ವೈರಿನಲ್ಲಿ ಬರುತ್ತದೆ.

ರಿಲೇಯ ಕಾಲುಗಳ ಮೇಲೆ ಸಂಖ್ಯೆ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್‌ನಿಂದ ಫ್ಯೂಜಿನ ಮೂಲಕ ಬಂದ ವೈರು. 87ರಿಂದ ಲೈಟುಗಳಿಗೆ. 86ಕ್ಕೆ ಹಳೆಯ ರಿವರ್ಸ್ ವೈರಿನಿಂದ ತೆಗೆದ ಸಣ್ಣ ಎಳೆ. 85 ಅರ್ತ್‌ಗೆ. ಐದು ಕಾಲಿನ ರಿಲೇ ಸಿಕ್ಕಿದ್ದರೆ ನಡುವಿನ 87ಎ ಕಾಲನ್ನು ಮುಟ್ಟಬೇಡಿ. ಅಲ್ಲಿಗೆ ಕೂಡಿಸಿದರೆ ರಿವರ್ಸ್ ಹಾಕಿದಾಗ ಆರಿ, ಉಳಿದ ಹೊತ್ತೆಲ್ಲ ಲೈಟು ಹೊತ್ತಿಯೇ ಇರುತ್ತದೆ. ಬೊಲೆರೊ, ಥಾರ್‌ನಂತಹ ಗಾಡಿಯಲ್ಲಿ ರಿಲೇಯನ್ನು ಒಳಗೆ, ಹಿಂದಿನ ದೀಪದ ಬಳಿಯ ಒಣ ಜಾಗದಲ್ಲಿ ಇಡಿ. ಪಿಕಪ್‌ಗೆ ಹಿಂದೆ ಒಣ ಜಾಗ ಇಲ್ಲದ್ದರಿಂದ ಬಾನೆಟ್ಟಿನೊಳಗೆ ಇಟ್ಟು, ಗೇರ್‌ಬಾಕ್ಸಿನ ಸ್ವಿಚ್ಚಿನ ವೈರಿನಿಂದ ಎಳೆ ತೆಗೆಯುವುದು ಲೇಸು.

ಫ್ಯೂಜು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಎರಡು ಲೈಟು ಸೇರಿ ಮೂರು ಆಂಪಿಯರ್ ಎಳೆಯುವಲ್ಲಿ 7.5 ಆಂಪಿಯರಿನ ಫ್ಯೂಜು ಧಾರಾಳ. ಪದೇ ಪದೇ ಹೋಗುತ್ತದೆಂದು 30ರದ್ದು ತುರುಕಿದ ಗಾಡಿಗಳನ್ನು ಕಂಡಿದ್ದೇನೆ. ಫ್ಯೂಜು ಇರುವುದು ಲೈಟು ಕಾಯಲಿಕ್ಕಲ್ಲ, ವೈರು ಕಾಯಲಿಕ್ಕೆ. ಚಾಸಿಯ ಅಂಚಿಗೆ ವೈರು ಉಜ್ಜಿ ಸಿಪ್ಪೆ ಹರಿದ ದಿನ ಉರಿಯಬೇಕಾದ್ದು ಫ್ಯೂಜು, ಡೀಸೆಲ್ ಪೈಪಿನ ಪಕ್ಕದ ವೈರಲ್ಲ. ಆ ವೈರನ್ನು ಸೈಲೆನ್ಸರ್ ಪೈಪಿನಿಂದ ದೂರ, ಕಂಪನಿಯ ವೈರು ಹೋದ ದಾರಿಯಲ್ಲೇ ಸ್ಲೀವ್ ತೊಡಿಸಿ ಒಯ್ಯಿರಿ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲಿ.

ಈಗ ಅರ್ತ್. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹತ್ತರಲ್ಲಿ ಎಂಟು ಗಾಡಿಗಳ ರೋಗ ನನಗೆ ಕಂಡದ್ದು ಇಲ್ಲೇ. ಪ್ಲಸ್ ವೈರಿಗೆ ಇಷ್ಟೆಲ್ಲ ಕಾಳಜಿ ಮಾಡಿದ ಮಿಸ್ತ್ರಿಯೂ ಲೈಟಿನ ಕಪ್ಪು ವೈರನ್ನು ಬಂಪರಿನ ಬೋಲ್ಟಿಗೆ ಸುತ್ತಿ ಕೈ ತೊಳೆದುಕೊಳ್ಳುತ್ತಾನೆ. ಹೋದ ಕರೆಂಟು ಬ್ಯಾಟರಿಗೆ ತಿರುಗಿ ಬರಬೇಕಲ್ಲ? ಬಂಪರ್ ಪ್ಲಾಸ್ಟಿಕ್ಕಿನದಾದರೆ ದಾರಿಯೇ ಇಲ್ಲ. ಕಬ್ಬಿಣದ್ದಾದರೂ ಅದಕ್ಕೂ ಚಾಸಿಗೂ ನಡುವೆ ದಪ್ಪ ಬಣ್ಣ, ಪೌಡರ್ ಕೋಟಿಂಗ್, ಒಮ್ಮೊಮ್ಮೆ ರಬ್ಬರ್ ವಾಷರ್. ಬೋಲ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ಕರೆಂಟು ಹರಿದು ಮೊದಲ ದಿನ ಲೈಟು ಹೊತ್ತುತ್ತದೆ. ಮಾಲೀಕ ದುಡ್ಡು ಕೊಟ್ಟು ಹೋಗುತ್ತಾನೆ.

ಆಮೇಲೆ ಬರುವುದು ನಮ್ಮ ಎರೆಮಣ್ಣು. ಇದು ನೀರು ಕುಡಿದು ಉಬ್ಬುವ, ಒಣಗಿದರೆ ಸೀಳುವ ಮಣ್ಣು. ಮುಂಗಾರಿನಲ್ಲಿ ಬಂಪರಿನ ಒಳಮೈಗೆ ಅಂಟಿದ ಹೆಂಟೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದೇ ಇರುತ್ತದೆ. ಆ ತೇವದಲ್ಲಿ ಬೋಲ್ಟು ತುಕ್ಕು ಹಿಡಿಯುತ್ತದೆ, ತಾಮ್ರದ ಎಳೆಗಳು ಹಸಿರುಗಟ್ಟುತ್ತವೆ. ಮಣ್ಣು ಒಣಗಿ ಬಿರಿದು ಉದುರುವಾಗ ಸಡಿಲ ವೈರನ್ನೂ ಎಳೆದುಕೊಂಡೇ ಬೀಳುತ್ತದೆ. ಮಸಾರಿ ಸೀಮೆಯ ಗಾಡಿಗಿಂತ ಎರೆ ಸೀಮೆಯ ಗಾಡಿಯ ಅರ್ತ್ ಬೇಗ ಸಾಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಇನ್ನು ಕೆಲವರು ಹೊಸ ಲೈಟಿನ ಕಪ್ಪು ವೈರನ್ನು ಹಿಂದಿನ ದೀಪದ ಗೊಂಚಲಿನ ಅರ್ತ್‌ಗೇ ಕೂಡಿಸುತ್ತಾರೆ. ಬ್ರೇಕ್, ಇಂಡಿಕೇಟರ್, ಪಾರ್ಕಿಂಗ್ ಎಲ್ಲಕ್ಕೂ ಅದೊಂದೇ ಅರ್ತ್. ಅದು ಸಡಿಲಾದ ದಿನ ಹೊಸ ಲೈಟಿನ ಕರೆಂಟು ಹೊರಗೆ ಹೋಗಲು ಬೇರೆ ಓಣಿ ಹುಡುಕುತ್ತದೆ, ಬ್ರೇಕ್ ಬಲ್ಬಿನ ತಂತಿಯೊಳಗಿಂದ ನುಸುಳುತ್ತದೆ. ಮೊದಲೇ ಹೇಳಿದ ಮಂದ ಬ್ರೇಕ್ ಲೈಟಿನ ಮರ್ಮ ಇದು. ಮುಂಡರಗಿ ಕಡೆಯ ಒಂದು ಪಿಕಪ್ಪಿನಲ್ಲಿ ಇದೇ ದೋಷಕ್ಕೆ ಎರಡು ಸಲ ಬ್ರೇಕ್ ಸ್ವಿಚ್ಚು ಬದಲಿಸಿದ್ದರು, ಅರ್ತ್ ಬೋಲ್ಟನ್ನು ಯಾರೂ ಬಿಚ್ಚಿ ನೋಡಿರಲಿಲ್ಲ.

ಸರಿಯಾದ ಅರ್ತ್ ಹೀಗೆ. ಎರಡೂ ಲೈಟಿನ ಕಪ್ಪು ವೈರು ಸೇರಿಸಿ, ಪ್ಲಸ್ಸಿಗೆ ಬಳಸಿದಷ್ಟೇ ದಪ್ಪದ ವೈರಿನಲ್ಲಿ ಚಾಸಿಗೆ ತನ್ನಿ. ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು, ಸೀಟ್ ಬೆಲ್ಟಿನ ಬೋಲ್ಟುಗಳನ್ನು ಮುಟ್ಟಬೇಡಿ. ಕಂಪನಿಯೇ ಅರ್ತ್‌ಗೆ ಬಳಸಿದ ಬೋಲ್ಟಿದ್ದರೆ ಅದು ಉತ್ತಮ. ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ. ವೈರಿನ ತುದಿಗೆ ಥಿಂಬಲ್ ಒತ್ತಿಸಿ, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಬಿಗಿದ ಮೇಲೆ ವ್ಯಾಸಲೀನ್ ಅಥವಾ ಗ್ರೀಸ್ ಬಳಿಯಿರಿ, ಮೊದಲಲ್ಲ. ಬರಿಯ ಇನ್ಸುಲೇಷನ್ ಟೇಪಿನ ಮೇಲೆ ಭರವಸೆ ಇಡಬೇಡಿ, ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬ್ಯಾಟರಿಯ ಮೈನಸ್ ತಲೆಯ ಮೇಲೆ ಸೆನ್ಸರಿನ ಡಬ್ಬಿ ಇರುವ ಹೊಸ ಗಾಡಿಯಾದರೆ ನೇರ ಮೈನಸ್‌ಗೆ ಕೂಡಿಸಬೇಡಿ, ಚಾಸಿಗೇ ಕೊಡಿ.

ಪರೀಕ್ಷೆಯಲ್ಲೂ ಒಂದು ಮೋಸವಿದೆ. ಮೀಟರನ್ನು ಓಮ್ಸ್‌ಗೆ ತಿರುಗಿಸಿ ‘ಕಂಟಿನ್ಯುಟಿ ಬಂತು’ ಎಂದು ಬಿಡುತ್ತಾರೆ. ಮೀಟರು ಕಳಿಸುವುದು ಕೂದಲೆಳೆಯಷ್ಟು ಕರೆಂಟು, ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಭಾರ ಬಿದ್ದಾಗಲೇ ಅರ್ತ್‌ನ ನಿಜ ಗೊತ್ತಾಗುವುದು. ಬ್ಯಾಟರಿ ಮತ್ತೆ ಕೂಡಿಸಿ, ಲೈಟು ಹೊತ್ತಿಸಿ, ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಒಂದು ಕಡ್ಡಿ ಲೈಟಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. ಮೀಟರು 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಅರ್ಧ, ಒಂದು ವೋಲ್ಟು ತೋರಿಸಿದರೆ ಅಷ್ಟೂ ಅರ್ತ್‌ನಲ್ಲೇ ಸುಡುತ್ತಿದೆ. ಬಿಚ್ಚಿ ಮತ್ತೆ ಕೆರೆಯಿರಿ. ಮಿಸ್ತ್ರಿಗೆ ದುಡ್ಡು ಕೊಡುವ ಮುಂಚೆ ಇದೊಂದನ್ನು ನಿಮ್ಮ ಕಣ್ಣೆದುರಿಗೆ ಮಾಡಿಸಿ.

ರಿವರ್ಸ್ ವೈರು ಹುಡುಕುವಾಗ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಕೀ ಆನ್ ಮಾಡಿ, ರಿವರ್ಸ್ ಗೇರ್ ಹಾಕಿರಿ. ಬಿಎಸ್ 6 ಗಾಡಿಗೆ ಬಲ್ಬಿನ ಟೆಸ್ಟರ್ ಹಚ್ಚಬೇಡಿ, ಮೀಟರ್ ಬಳಸಿ. ಒಳಗೆ ಡಯೋಡ್ ಇರುವ ರಿಲೇ ಕೇಳಿ ತನ್ನಿ, ಅದಕ್ಕೆ 86 ಪ್ಲಸ್, 85 ಮೈನಸ್ ಅದಲುಬದಲಾಗುವಂತಿಲ್ಲ. ವಾರಂಟಿ ಉಳಿದಿದ್ದರೆ ಷೋರೂಮಿನಲ್ಲಿ ಮೊದಲು ಮಾತಾಡಿ.

ಬೆಳಕಿನ ದಿಕ್ಕನ್ನು ರಾತ್ರಿಯೇ ಹೊಂದಿಸಿ. ಸಪಾಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರಕ್ಕೆ ಗಾಡಿ ನಿಲ್ಲಿಸಿದರೆ, ಬೆಳಕಿನ ಗಟ್ಟಿ ಭಾಗ ಲೈಟಿನ ಎತ್ತರಕ್ಕಿಂತ ಕೆಳಗೆ ಬೀಳಬೇಕು. ಪಿಕಪ್‌ನವರು ಚೀಲ ಹೇರಿದ ಮೇಲೆ ಮತ್ತೊಮ್ಮೆ ನೋಡಿ, ಹಿಂಭಾಗ ತಗ್ಗಿದಾಗ ಬೆಳಕು ಇನ್ನಷ್ಟು ಕೆಳಗಿಳಿದು ಹತ್ತಿರಕ್ಕೆ ಬೀಳುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ತೋಳ, ಕತ್ತೆಕಿರುಬಗಳಿವೆ. ಈ ಲೈಟಿನಿಂದ ಪ್ರಾಣಿ ಹುಡುಕುವ ಆಟ ಬೇಡ. ಮಳೆಗಾಲದ ಮುಂಚೆ, ಮುಗಿದ ಮೇಲೆ ಅರ್ತ್ ಬೋಲ್ಟು ಬಿಚ್ಚಿ ಕೆರೆಸಿ. ಗಾಡಿ ತೊಳೆಸುವಾಗ ಬಂಪರಿನ ಒಳಗಿನ ಎರೆಮಣ್ಣನ್ನೂ ತೆಗೆಸಿ, ಆದರೆ ಪ್ರೆಷರ್ ನೀರನ್ನು ವೈರಿನ ಜೋಡಣೆಗೆ ಹತ್ತಿರದಿಂದ ಹಿಡಿಯಲು ಬಿಡಬೇಡಿ.